ಕರಪತ್ರದಲ್ಲಿಲ್ಲದ ನಿಯಮ

ಗದ್ದೆ ಕೊಯ್ಲು ಮುಗಿದು, ಅಡಿಕೆ ಸುಲಿಯುವ ಗಡಿಬಿಡಿ ಒಂದು ಹದಕ್ಕೆ ಬಂದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಟೆನಿಸ್ ಬಾಲ್ ಕ್ರಿಕೆಟ್‌ನ ಕಾಲ ಶುರುವಾಗುತ್ತದೆ. ಕೂಳೆ ಸವರಿದ ಮಕ್ಕಿಗದ್ದೆಯೋ ಶಾಲೆಯ ಮೈದಾನವೋ ಸಿಕ್ಕಿದರೆ ಸಾಕು, ಮಳೆ ಹಿಡಿಯುವವರೆಗೂ ಭಾನುವಾರ ಬಂತೆಂದರೆ ಒಂದಲ್ಲ ಒಂದು ಊರಿನಲ್ಲಿ ಪಂದ್ಯಾವಳಿ. ಕರಪತ್ರ ಕೈಗೆತ್ತಿಕೊಂಡರೆ ಪ್ರವೇಶ ಶುಲ್ಕ ಮತ್ತು ಬಹುಮಾನದ ಕೆಳಗೆ ನಿಯಮಗಳು ಸಾಲಾಗಿ ಇರುತ್ತವೆ. ಎಷ್ಟು ಓವರು, ಒಬ್ಬ ಬೌಲರಿಗೆ ಎಷ್ಟು, ಹೊರಗಿನ ಆಟಗಾರರನ್ನು ಸೇರಿಸಿಕೊಳ್ಳಬಹುದೇ ಎಂದೆಲ್ಲ ಹೇಳಿ, ಕೊನೆಗೆ ತೀರ್ಪುಗಾರರ ತೀರ್ಮಾನವೇ ಅಂತಿಮ ಎಂಬ ಮಾತು. ಕರಪತ್ರದಲ್ಲಿ ಹಿಡಿಸದ್ದನ್ನು ಟಾಸ್ ಹಾಕುವ ಹೊತ್ತಿಗೆ ಬಾಯಲ್ಲೇ ಹೇಳುತ್ತಾರೆ. ಅಂಚು ದಾಟಿದರೆ ನಾಲ್ಕು, ತೋಟದೊಳಗೆ ನೇರ ಬಿದ್ದರೆ ಔಟ್, ಮರಕ್ಕೆ ಬಡಿದು ಬಂದದ್ದನ್ನು ಹಿಡಿದರೆ ಕ್ಯಾಚ್ ಅಲ್ಲ. ಮನೆಯಂಗಳದಲ್ಲಿ ಆಡುವ ಹುಡುಗರೂ ಹೀಗೆಯೇ. ಒಂದು ಪುಟಿತದ ಕ್ಯಾಚಿಗೆ ಔಟು ಹೌದೋ ಅಲ್ಲವೋ ಎನ್ನುವುದು ಮೊದಲ ಚೆಂಡು ಬೀಳುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಈ ನಿಯಮಗಳು ವಿಚಿತ್ರವಾಗಿರಬಹುದು, ಪಕ್ಕದ ಊರಿನಲ್ಲಿ ಬೇರೆಯೇ ಇರಬಹುದು. ಆದರೆ ಎರಡೂ ಕಡೆಯವರಿಗೆ ಮೊದಲೇ ಗೊತ್ತಿರುತ್ತವೆ. ದೊಡ್ಡ ಕ್ರಿಕೆಟ್ಟು, ದೊಡ್ಡ ಬೇಸ್‌ಬಾಲು ಕಲಿಯಬೇಕಾದ ಪಾಠ ಇಲ್ಲಿದೆ ಎಂಬುದು ಈ ಅಂಕಣದ ವಾದ.

ದೊಡ್ಡ ಆಟಗಳಲ್ಲಿ ಎರಡು ಪುಸ್ತಕಗಳಿವೆ. ಒಂದು ಅಚ್ಚಾದದ್ದು. ಇನ್ನೊಂದು ಯಾರೂ ಅಚ್ಚು ಹಾಕದ್ದು, ಆದರೆ ಎಲ್ಲರೂ ಓದಿರಬೇಕೆಂದು ನಿರೀಕ್ಷಿಸುವಂಥದ್ದು. ಕ್ರಿಕೆಟ್‌ನಲ್ಲಿ ಅದಕ್ಕೆ ಕ್ರೀಡಾಸ್ಫೂರ್ತಿ ಎಂಬ ದೊಡ್ಡ ಹೆಸರಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಅದನ್ನು ನೇರವಾಗಿ ಬರೆಯದ ನಿಯಮಗಳು ಎಂದೇ ಕರೆಯುತ್ತಾರೆ. ಅಚ್ಚಾದ ನಿಯಮವನ್ನು ಪಾಲಿಸಿದವನನ್ನೇ ಅಚ್ಚಾಗದ ನಿಯಮ ತಪ್ಪಿತಸ್ಥನನ್ನಾಗಿ ಮಾಡುವ ಸಂದರ್ಭಗಳು ಎರಡೂ ಕಡೆ ಮತ್ತೆ ಮತ್ತೆ ಬಂದಿವೆ.

ಬೇಸ್‌ಬಾಲ್ ನಮಗೆ ಪರಿಚಿತ ಆಟವಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. ಅವನು ಸರಿಯಾದ ಜಾಗಕ್ಕೆ ಬೀಳದ ನಾಲ್ಕು ಚೆಂಡು ಎಸೆದರೆ ಬ್ಯಾಟರ್‌ಗೆ ಪುಕ್ಕಟೆಯಾಗಿ ಮೊದಲ ಬೇಸ್ ಸಿಗುತ್ತದೆ. ಒಂದೂ ಒಳ್ಳೆಯ ಚೆಂಡಿಲ್ಲದೆ ಮೂರು ಕೆಟ್ಟ ಚೆಂಡುಗಳಾದ ಮೇಲೆ ನಾಲ್ಕನೆಯದನ್ನು ಪಿಚರ್ ಹುಷಾರಾಗಿ, ಹೊಡೆಯಲು ಸುಲಭವಾಗುವ ಹಾಗೆ ಎಸೆಯಲೇಬೇಕಾಗುತ್ತದೆ. ನಿಮ್ಮ ತಂಡ ಬಹಳ ಮುಂದಿದ್ದರೆ ಆ ಚೆಂಡನ್ನು ಹೊಡೆಯಬಾರದು ಎನ್ನುವುದು ಬರೆಯದ ನಿಯಮಗಳಲ್ಲೊಂದು. 2020ರ ಆಗಸ್ಟ್ 17ರಂದು ಟೆಕ್ಸಸ್ ರೇಂಜರ್ಸ್ ವಿರುದ್ಧ ಸ್ಯಾನ್ ಡಿಯಾಗೊ ಪಾಡ್ರೆಸ್ 10–3ರಿಂದ ಮುಂದಿತ್ತು. ಎಂಟನೇ ಇನಿಂಗ್ಸ್, ಮೂರೂ ಬೇಸ್‌ಗಳಲ್ಲಿ ಓಟಗಾರರು. ಫರ್ನಾಂಡೊ ಟಾಟಿಸ್ ಜೂನಿಯರ್ ಎಂಬ 21ರ ಹುಡುಗ ಆ ಸುಲಭದ ಚೆಂಡನ್ನು ಬೇಲಿಯಾಚೆ ಹೊಡೆದು ನಾಲ್ಕು ರನ್ ತಂದ. ಎದುರಾಳಿ ಮ್ಯಾನೇಜರ್ ಸಿಟ್ಟಾದರು, ಟಾಟಿಸ್‌ನ ಸ್ವಂತ ಮ್ಯಾನೇಜರ್ ಕೂಡ ಅವನ ಪರ ಗಟ್ಟಿಯಾಗಿ ನಿಲ್ಲಲಿಲ್ಲ. ಮುಂದಿನ ಬ್ಯಾಟರ್ ಮ್ಯಾನಿ ಮಚಾಡೊ ಬಂದು ನಿಂತಾಗ ಪಿಚರ್ ಚೆಂಡನ್ನು ಅವರ ಬೆನ್ನ ಹಿಂದೆ ಎಸೆದ. ಅಂದರೆ ಒಬ್ಬ ಚೆನ್ನಾಗಿ ಆಡಿದ್ದಕ್ಕೆ ಏನೂ ಮಾಡದ ಇನ್ನೊಬ್ಬನ ಮೈಗೆ ಗುರಿ. ಆಡಳಿತ ಮಂಡಳಿ ಆ ಪಿಚರ್‌ನನ್ನು ಮೂರು ಪಂದ್ಯಗಳಿಗೆ, ಮ್ಯಾನೇಜರನ್ನು ಒಂದು ಪಂದ್ಯಕ್ಕೆ ಅಮಾನತು ಮಾಡಿತು. ಬೇಸ್‌ಬಾಲ್‌ನ ಚೆಂಡು ರಬ್ಬರಿನದಲ್ಲ. 1920ರಲ್ಲಿ ರೇ ಚಾಪ್‌ಮನ್ ಎಂಬ ಆಟಗಾರ ತಲೆಗೆ ಚೆಂಡು ಬಡಿದು ಸತ್ತೇ ಹೋದರು. ಅದು ಸೇಡಿನ ಎಸೆತವೇನೂ ಅಲ್ಲ, ಆದರೆ ಆ ಚೆಂಡು ಏನು ಮಾಡಬಲ್ಲದು ಎನ್ನುವುದು ನೂರು ವರ್ಷಗಳಿಂದ ಆ ಆಟಕ್ಕೆ ಗೊತ್ತಿದೆ. ಗೊತ್ತಿದ್ದೂ ಅದನ್ನು ಶಿಕ್ಷೆಯ ಕೋಲಾಗಿ ಬಳಸುವುದನ್ನು ಸಂಪ್ರದಾಯ ಎನ್ನಲಾಗುತ್ತದೆ.

ಇದಕ್ಕಿಂತಲೂ ತಿಳಿಯಾದ ಉದಾಹರಣೆ 2001ರ ಮೇ 26ರದು. ಅರಿಜೋನಾದ ಕರ್ಟ್ ಶಿಲಿಂಗ್ ಎಂಟನೇ ಇನಿಂಗ್ಸ್‌ವರೆಗೆ ಎದುರಾಳಿಯ ಒಬ್ಬನನ್ನೂ ಬೇಸ್ ಮುಟ್ಟಲು ಬಿಟ್ಟಿರಲಿಲ್ಲ. ಪರಿಪೂರ್ಣ ಆಟ ಎಂದು ಅಲ್ಲಿ ಕರೆಯುವ, ಬಲು ಅಪರೂಪದ ಸಾಧನೆಯ ಹೊಸ್ತಿಲಲ್ಲಿದ್ದರು. ಆಗ ಬೆನ್ ಡೇವಿಸ್ ಬ್ಯಾಟನ್ನು ಮೆಲ್ಲಗೆ ಅಡ್ಡ ಹಿಡಿದು, ಚೆಂಡನ್ನು ಸಮೀಪದಲ್ಲೇ ಉರುಳಿಸಿ ಮೊದಲ ಬೇಸಿಗೆ ಓಡಿದರು. ಪರಿಪೂರ್ಣತೆ ಮುರಿಯಿತು, ಅವರ ಮೇಲೆ ಟೀಕೆಯ ಮಳೆ ಸುರಿಯಿತು. ಅಂಥ ಹೊತ್ತಿನಲ್ಲಿ ಹಾಗೆ ಆಡಬಾರದಂತೆ. ಆದರೆ ಆಗ ಸ್ಕೋರು ಎಷ್ಟಿತ್ತು? 2–0. ಡೇವಿಸ್ ಬೇಸ್ ಮುಟ್ಟಿದ್ದರಿಂದ ಸಮ ಮಾಡುವ ರನ್ನು ಬ್ಯಾಟ್ ಹಿಡಿದು ನಿಂತಂತಾಯಿತು. ಗೆಲ್ಲಲು ಬಂದ ತಂಡದವನೊಬ್ಬ ಗೆಲ್ಲಲು ಇದ್ದ ಒಂದು ದಾರಿ ಹಿಡಿದ. ಎದುರಾಳಿಯ ದಾಖಲೆ ಕಾಪಾಡಲು ಅವನು ಸೋಲಬೇಕಿತ್ತು ಎಂಬ ಬೇಡಿಕೆಯೇ ಆ ಟೀಕೆಯ ಸಾರ.

ಇದರ ಪಕ್ಕದಲ್ಲಿ ನಮ್ಮವರದೇ ಒಂದು ಘಟನೆ ಇಟ್ಟು ನೋಡಬೇಕು. 1999ರ ಫೆಬ್ರುವರಿ 7, ದೆಹಲಿಯ ಕೋಟ್ಲಾ. ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳನ್ನೂ ಅನಿಲ್ ಕುಂಬ್ಳೆ ಒಬ್ಬರೇ ಉರುಳಿಸಿದ್ದರು. ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೌಲ್ ಮಾಡಬೇಕಿತ್ತು. ಅವರು ಚೆಂಡನ್ನು ಸ್ಟಂಪಿನಿಂದ ದೂರ ದೂರ ಹಾಕಿದರು, ತಮಗೆ ವಿಕೆಟ್ ಬೀಳದಿರಲೆಂದು. ಮುಂದೆ ಕುಂಬ್ಳೆಯ ಚೆಂಡಿಗೆ ವಾಸಿಂ ಅಕ್ರಂ ಕ್ಯಾಚಿತ್ತಾಗ ಲೆಕ್ಕ 74ಕ್ಕೆ 10 ಆಯಿತು. ಬೌಲರೊಬ್ಬ ಬೇಕೆಂದೇ ವಿಕೆಟ್ ಪಡೆಯದಿರುವುದನ್ನು ಯಾವ ನಿಯಮವೂ ಕೇಳುವುದಿಲ್ಲ. ಆದರೂ ಶ್ರೀನಾಥರ ಆ ಓವರನ್ನು ಕರ್ನಾಟಕ ಇವತ್ತಿಗೂ ಪ್ರೀತಿಯಿಂದ ನೆನೆಯುತ್ತದೆ, ನೆನೆಯಬೇಕಾದ್ದೇ. ಏಕೆಂದರೆ ಅವರು ಬಿಟ್ಟುಕೊಟ್ಟದ್ದು ತಮ್ಮ ಪಾಲಿನದು. ಡೇವಿಸ್‌ನ ಹತ್ತಿರ ಕೇಳಿದ್ದೂ ಬಿಟ್ಟುಕೊಡು ಎಂದೇ, ಆದರೆ ಕೇಳಿದವರು ಅದರಿಂದ ಲಾಭ ಪಡೆಯುವವರು. ಕೊಡುವವನು ಮನಸ್ಸಿನಿಂದ ಕೊಟ್ಟರೆ ಅದು ಔದಾರ್ಯ. ಪಡೆಯುವವನು ಹಕ್ಕೆಂದು ಕೇಳಿದರೆ ವಸೂಲಿ. ಬರೆಯದ ನಿಯಮಗಳ ಅಸಂಬದ್ಧತೆಯೆಲ್ಲ ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತದೆ.

ಔದಾರ್ಯಕ್ಕೆ ನಮ್ಮ ನೆರೆಯಲ್ಲೇ ಮೇಲ್ಪಂಕ್ತಿಯಿದೆ. ನರಸಿಂಹರಾಜಪುರದ ಬದಿಯಲ್ಲಿ ಹರಡಿದ ಭದ್ರಾ ಹಿನ್ನೀರು ಲಕ್ಕವಳ್ಳಿಯ ಅಣೆಕಟ್ಟು ದಾಟಿ ಹರಿದರೆ ಸಿಗುವುದು ಭದ್ರಾವತಿ, ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ ಊರು. ಅವರು ಭಾರತ ತಂಡದ ನಾಯಕರಾಗಿದ್ದು ಎರಡೇ ಟೆಸ್ಟ್‌ಗಳಲ್ಲಿ. ಅದರಲ್ಲೊಂದು 1980ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಸುವರ್ಣ ಮಹೋತ್ಸವದ ಪಂದ್ಯ. ಐದು ವಿಕೆಟ್ ಬೇಗ ಕಳೆದುಕೊಂಡಿದ್ದ ಇಂಗ್ಲೆಂಡಿನ ಪರ ಆಡುತ್ತಿದ್ದ ಬಾಬ್ ಟೇಲರ್‌ಗೆ ಅಂಪೈರ್ ವಿಕೆಟ್ ಹಿಂದಿನ ಕ್ಯಾಚಿಗೆ ಔಟ್ ಕೊಟ್ಟರು. ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ಖಾತ್ರಿಯಿತ್ತು. ಅಂಪೈರ್ ಬಳಿ ಹೋಗಿ ಮನವಿ ಹಿಂತೆಗೆದುಕೊಂಡು, ಟೇಲರ್‌ರನ್ನು ಮತ್ತೆ ಆಡಲು ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ ಸೇರಿ 171 ರನ್ ಕೂಡಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅವರು ಮರಳಿ ಕರೆದದ್ದು ನಿಜವಾಗಿ ಔಟಾಗದವನನ್ನು. ಅಂಪೈರಿನ ಕಣ್ತಪ್ಪಿನಿಂದ ಬಂದ ಲಾಭ ತನಗೆ ಬೇಡವೆಂದರು, ಅದರ ಬೆಲೆಯನ್ನೂ ತಾವೇ ತೆತ್ತರು. ತನ್ನನ್ನು ವಾಪಸು ಕರೆಯಿರೆಂದು ಟೇಲರ್ ಹಠ ಹಿಡಿದಿದ್ದರೆ, ಕರೆಯದ ನಾಯಕನನ್ನು ಪತ್ರಿಕೆಗಳು ನೀಚನೆಂದು ಕರೆದಿದ್ದರೆ, ಆ ಕ್ಷಣಕ್ಕೆ ಈಗಿರುವ ಬೆಲೆ ಇರುತ್ತಿರಲಿಲ್ಲ.

ಈಗ ವಿನೂ ಮಂಕಡ್ ಅವರ ಸಂಗತಿಗೆ ಬರೋಣ, ಕ್ರಿಕೆಟ್‌ನ ಬರೆಯದ ನಿಯಮಗಳಲ್ಲಿ ಅತ್ಯಂತ ಹೆಚ್ಚು ಜನರನ್ನು ನೋಯಿಸಿದ್ದು ಅದೇ. 1947ರ ಡಿಸೆಂಬರ್ 13ರಂದು ಸಿಡ್ನಿಯಲ್ಲಿ, ತಾನು ಚೆಂಡು ಬಿಡುವ ಮುಂಚೆಯೇ ಕ್ರೀಸ್ ಬಿಟ್ಟು ಮುಂದೆ ಹೊರಟಿದ್ದ ನಾನ್‌ಸ್ಟ್ರೈಕರ್ ಬಿಲ್ ಬ್ರೌನ್‌ರನ್ನು ಮಂಕಡ್ ರನೌಟ್ ಮಾಡಿದರು. ಅದೇ ಪ್ರವಾಸದ ಹಿಂದಿನ ಪಂದ್ಯವೊಂದರಲ್ಲಿ ಎಚ್ಚರಿಕೆ ಕೊಟ್ಟು, ಮತ್ತೆ ಹೊರಟಾಗ ಔಟ್ ಮಾಡಿಯೂ ಆಗಿತ್ತು. ಎದುರಾಳಿ ನಾಯಕ ಡಾನ್ ಬ್ರಾಡ್ಮನ್ ತಮ್ಮ ಆತ್ಮಕಥೆಯಲ್ಲಿ ಮಂಕಡ್ ಮಾಡಿದ್ದರಲ್ಲಿ ತಪ್ಪಿಲ್ಲವೆಂದೇ ಬರೆದರು. ಆದರೂ ಮುಂದೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಬಗೆಯ ರನೌಟಿಗೆ ‘ಮಂಕಡಿಂಗ್’ ಎಂದು ಅಂಟಿಕೊಂಡಿದ್ದು ಬೌಲರಿನ ಹೆಸರು. ಗೆರೆ ಬಿಟ್ಟು ಕದ್ದು ಮುಂದೆ ಹೋದವನ ಹೆಸರಿನಲ್ಲಿ ಯಾವ ಕ್ರಿಯಾಪದವೂ ಹುಟ್ಟಲಿಲ್ಲ. ಭಾರತದ ಬಹುದೊಡ್ಡ ಆಲ್‌ರೌಂಡರ್ ಒಬ್ಬರ ಹೆಸರು ಮೋಸಕ್ಕೆ ಪರ್ಯಾಯ ಪದದಂತೆ ಓಡಾಡಿದ್ದು ಕ್ರಿಕೆಟ್ ಬರೆದವರ, ಹೇಳಿದವರ ತಪ್ಪು. ಆ ಪದವನ್ನು ಬಿಡಬೇಕೆಂದು ಸುನಿಲ್ ಗಾವಸ್ಕರ್ ಹೇಳುತ್ತ ಬಂದದ್ದು ಸರಿಯಾಗಿಯೇ ಇದೆ.

2019ರಲ್ಲಿ ಜೈಪುರದಲ್ಲಿ ಜೋಸ್ ಬಟ್ಲರ್‌ರನ್ನು ಹೀಗೆ ಔಟ್ ಮಾಡಿದ ಆರ್. ಅಶ್ವಿನ್ ಮೇಲೆ, 2022ರ ಸೆಪ್ಟೆಂಬರ್ 24ರಂದು ಲಾರ್ಡ್ಸ್‌ನಲ್ಲಿ ಚಾರ್ಲಿ ಡೀನ್‌ರನ್ನು ಔಟ್ ಮಾಡಿ ಭಾರತವನ್ನು 16 ರನ್‌ಗಳಿಂದ ಗೆಲ್ಲಿಸಿದ ದೀಪ್ತಿ ಶರ್ಮಾ ಮೇಲೆ ಅದೇ ಆರೋಪ ಬಂತು. ದೀಪ್ತಿ ಆ ಬೇಲ್ಸ್ ಎಗರಿಸುವ ಹೊತ್ತಿಗೆ ನಿಯಮ ಬದಲಾಗುವುದು ಆಗಲೇ ನಿಶ್ಚಯವಾಗಿತ್ತು. ಅದೇ ಅಕ್ಟೋಬರ್ 1ರಿಂದ ನಾನ್‌ಸ್ಟ್ರೈಕರ್ ರನೌಟನ್ನು ಅನುಚಿತ ಆಟದ ಅಧ್ಯಾಯವಾದ 41ನೇ ನಿಯಮದಿಂದ ತೆಗೆದು, ಸಾಮಾನ್ಯ ರನೌಟಿನ 38ನೇ ನಿಯಮಕ್ಕೆ ಸೇರಿಸಲಾಯಿತು. ನಿಯಮ ಬರೆಯುವ ಮೆರಿಲೆಬೋನ್ ಕ್ರಿಕೆಟ್ ಕ್ಲಬ್ಬೇ, ಅಂದರೆ ಎಂಸಿಸಿಯೇ, ಇದರಲ್ಲಿ ಕಳಂಕವಿಲ್ಲ ಎಂದು ಹೇಳಿದ ಹಾಗಾಯಿತು. ಆದರೆ ಬರೆಯದ ಪುಸ್ತಕ ಅಷ್ಟು ಬೇಗ ಮುಚ್ಚುವುದಿಲ್ಲ. 2023ರ ಜುಲೈ 2ರಂದು ಅದೇ ಲಾರ್ಡ್ಸ್‌ನಲ್ಲಿ ಜಾನಿ ಬೇರ್‌ಸ್ಟೋ ಚೆಂಡು ಸತ್ತಿತೆಂದುಕೊಂಡು ಕ್ರೀಸ್ ಬಿಟ್ಟು ಹೊರಟಾಗ ಅಲೆಕ್ಸ್ ಕೇರಿ ಸ್ಟಂಪ್ ಮಾಡಿದರು. ಊಟದ ವಿರಾಮಕ್ಕೆ ಒಳಗೆ ಬಂದ ಆಸ್ಟ್ರೇಲಿಯಾ ಆಟಗಾರರ ಮೇಲೆ ಲಾಂಗ್ ರೂಮಿನಲ್ಲಿ ಎಂಸಿಸಿಯ ಸದಸ್ಯರೇ ಕೂಗಾಡಿದರು, ಕ್ಲಬ್ಬು ಮೂವರನ್ನು ಅಮಾನತು ಮಾಡಬೇಕಾಯಿತು. ತಮ್ಮದೇ ಕ್ಲಬ್ಬು ಬರೆದ ನಿಯಮವನ್ನು ಪಾಲಿಸಿದವರನ್ನು ಆ ಸದಸ್ಯರು ಬೈದರು.

ಇಲ್ಲಿ ಬರುವ ಮೊದಲ ಆಕ್ಷೇಪ, ಬೌಲರ್ ಒಮ್ಮೆ ಎಚ್ಚರಿಕೆ ಕೊಡಬಾರದಿತ್ತೇ ಎನ್ನುವುದು. ಕೊಡಬಹುದು, ಕೊಟ್ಟರೆ ಒಳ್ಳೆಯದೇ. 1987ರ ವಿಶ್ವಕಪ್‌ನಲ್ಲಿ ಲಾಹೋರ್‌ನಲ್ಲಿ ಕರ್ಟ್ನಿ ವಾಲ್ಶ್ ಪಾಕಿಸ್ತಾನದ ಕೊನೆಯ ಜೋಡಿಯ ಸಲೀಂ ಜಾಫರ್‌ರನ್ನು ಔಟ್ ಮಾಡದೆ ನಿಂತರು, ವೆಸ್ಟ್ ಇಂಡೀಸ್ ಆ ಪಂದ್ಯ ಸೋತಿತು, ವಾಲ್ಶ್ ಹೆಸರು ಉಳಿಯಿತು. ಅದು ಅವರ ದೊಡ್ಡತನ. ಆದರೆ ವಿಕೆಟ್‌ಕೀಪರ್ ಯಾರನ್ನಾದರೂ ಸ್ಟಂಪ್ ಮಾಡುವ ಮುಂಚೆ ಕಾಲು ಒಳಗಿಡಪ್ಪ ಎಂದು ಹೇಳುತ್ತಾನೆಯೇ? ಎರಡನೇ ಆಕ್ಷೇಪ, ಇದರಲ್ಲಿ ಬೌಲರಿನ ಕೌಶಲವೇನಿದೆ ಎಂಬುದು. ಬ್ಯಾಟರ್ ನೇರ ಹೊಡೆದ ಚೆಂಡು ಬೌಲರಿನ ಬೆರಳಿಗೆ ತಾಗಿ ಅದೇ ಸ್ಟಂಪಿಗೆ ಬಡಿದರೆ, ಅದೇ ನಾನ್‌ಸ್ಟ್ರೈಕರ್ ಅದೇ ಗೆರೆಯಾಚೆ ಇದ್ದರೆ, ಅವನು ರನೌಟ್. ಅದರಲ್ಲಿ ಕೌಶಲವಿರಲಿ, ಉದ್ದೇಶವೂ ಇರುವುದಿಲ್ಲ. ಹಣೆಬರಹ ಎಂದು ಎಲ್ಲರೂ ಒಪ್ಪುತ್ತಾರೆ. ಆಕಸ್ಮಿಕವಾಗಿ ಆದರೆ ನ್ಯಾಯ, ಕಣ್ಣಿಟ್ಟು ನೋಡಿ ಮಾಡಿದರೆ ಅನ್ಯಾಯ ಎನ್ನುವುದಕ್ಕೆ ಬುಡವಿಲ್ಲ. ಟಿ20ಯಲ್ಲಿ ಕೊನೆಯ ಓವರಿನ ಎರಡನೇ ರನ್ನು ಒಂದು ಗೇಣಿನಲ್ಲಿ ತೀರ್ಮಾನವಾಗುತ್ತದೆ. ಎರಡು ಅಡಿ ಮುಂಚೆ ಹೊರಟವನು ಆ ಗೇಣನ್ನು ಕದ್ದಿರುತ್ತಾನೆ. ಬೌಲರಿನ ಕಾಲು ಗೆರೆಯಿಂದ ಒಂದು ಅಂಗುಲ ಮುಂದೆ ಹೋದರೆ ನೋಬಾಲು, ಮೇಲೆ ಫ್ರೀ ಹಿಟ್ಟು. ಅವನಿಗೆ ಯಾರೂ ಎಚ್ಚರಿಕೆ ಕೊಡುವುದಿಲ್ಲ.

ಮಲೆನಾಡಿನಲ್ಲಿ ತಾಳಮದ್ದಳೆ ಕೇಳುವವರಿಗೆ ಕರ್ಣನ ಕೊನೆಯ ಘಳಿಗೆ ಗೊತ್ತು. ರಥದ ಚಕ್ರ ಹೂತು ಹೋದಾಗ ಅವನು ಧರ್ಮಯುದ್ಧದ ಮಾತೆತ್ತುತ್ತಾನೆ. ದ್ರೌಪದಿಯ ಮಾನ ಹೋದಾಗ, ಅಭಿಮನ್ಯುವನ್ನು ಸುತ್ತುಗಟ್ಟಿ ಕೊಂದಾಗ ಈ ಧರ್ಮ ಎಲ್ಲಿತ್ತು ಎಂದು ಕೃಷ್ಣ ಕೇಳುತ್ತಾನೆ. ಕನ್ನಡದ ಕೇಳುಗರ ಮರುಕ ಕರ್ಣನ ಕಡೆಗೇ ಹೋಗುತ್ತದೆ, ಅದು ಸಹಜ. ಆದರೂ ಕೃಷ್ಣನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಅಲ್ಲಾದರೆ ಕೃಷ್ಣನ ಕಡೆಯವರೂ ನಿಯಮ ಮುರಿಯುತ್ತಿದ್ದರು. ಗೆರೆ ಬಿಟ್ಟವನನ್ನು ಔಟ್ ಮಾಡುವ ಬೌಲರ್ ಮುರಿಯುವುದು ಏನನ್ನೂ ಇಲ್ಲ. ನಿಯಮ ಮೀರಿ ಮುಂದೆ ಹೋದವನು ಸಿಕ್ಕಿಬಿದ್ದಾಗ ಸ್ಫೂರ್ತಿಯ ಮಾತೆತ್ತಿದರೆ ಕೃಷ್ಣನ ಪ್ರಶ್ನೆಯನ್ನೇ ಕೇಳಬೇಕಾಗುತ್ತದೆ.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ. ಎಲ್ಲವನ್ನೂ ಬರೆದಿಡಲು ಆಗುವುದಿಲ್ಲ, ಬರೆದದ್ದರಲ್ಲಿ ಸಂದು ಹುಡುಕುವವರು ಇದ್ದೇ ಇರುತ್ತಾರೆ, ಆದ್ದರಿಂದ ಬರೆಯದ ಮರ್ಯಾದೆಯೊಂದು ಬೇಕೇಬೇಕು ಎನ್ನುವುದು. ಇದಕ್ಕೆ ಕೊಡುವ ದೊಡ್ಡ ಸಾಕ್ಷಿ 1981ರ ಫೆಬ್ರುವರಿ 1ರ ಮೆಲ್ಬರ್ನ್ ಪಂದ್ಯ. ಕೊನೆಯ ಚೆಂಡಿಗೆ ಆರು ಹೊಡೆದರೆ ನ್ಯೂಜಿಲೆಂಡ್ ಸಮ ಮಾಡುತ್ತಿತ್ತು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್ ತಮ್ಮ ತಮ್ಮ ಟ್ರೆವರ್‌ಗೆ ಚೆಂಡನ್ನು ಕೈ ಕೆಳಗಿನಿಂದ ನೆಲದ ಮೇಲೆ ಉರುಳಿಸಲು ಹೇಳಿದರು. ಆ ಸರಣಿಯ ನಿಯಮದಲ್ಲಿ ಅದಕ್ಕೆ ತಡೆಯಿರಲಿಲ್ಲ. ಚಾಪೆಲ್ ಮಾಡಿದ್ದು ಕೆಟ್ಟ ಆಟವೇ, ಅದನ್ನು ಸಮರ್ಥಿಸುವ ಅಗತ್ಯವಿಲ್ಲ. ಆದರೆ ಅದು ಕೆಟ್ಟದ್ದಾಗಿದ್ದು ಅಂಡರ್‌ಆರ್ಮ್ ಎಂಬ ಕಾರಣಕ್ಕಲ್ಲ. ಕ್ರಿಕೆಟ್ ಹುಟ್ಟಿದ್ದೇ ಅಂಡರ್‌ಆರ್ಮ್ ಆಗಿ. ತೋಳೆತ್ತಿ ಎಸೆಯಲು ಪೂರ್ತಿ ಅನುಮತಿ ಸಿಕ್ಕಿದ್ದು 1864ರಲ್ಲಿ. ಕರಾವಳಿಯಲ್ಲೂ ಘಟ್ಟದ ಮೇಲಿನ ನಮ್ಮ ಊರುಗಳಲ್ಲೂ ಅಂಡರ್‌ಆರ್ಮ್ ಪಂದ್ಯಾವಳಿಗಳೇ ನಡೆಯುತ್ತವೆ, ಕೈ ಕೆಳಗಿನಿಂದ ಚೆಂಡು ತಿರುಗಿಸುವವರಿಗೆ ಅಲ್ಲಿ ಬೆಸ್ಟ್ ಬೌಲರ್ ಟ್ರೋಫಿ ಕೊಡುತ್ತಾರೆ. ಒಂದು ಕಡೆ ನಾಚಿಕೆಗೇಡು ಎನಿಸಿದ್ದು ಇನ್ನೊಂದು ಕಡೆ ಆಟವೇ ಆಗಿದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಅದನ್ನು ಕರಪತ್ರದ ತಲೆಯ ಮೇಲೇ ಅಚ್ಚು ಹಾಕಿರುತ್ತಾರೆ. ಮೆಲ್ಬರ್ನ್ ಆದ ಮೇಲೆ ದೊಡ್ಡ ಕ್ರಿಕೆಟ್ಟು ಮಾಡಿದ್ದಾದರೂ ಏನು? ಅಂಡರ್‌ಆರ್ಮ್ ಕೂಡದು ಎಂದು ನಿಯಮ ಬರೆಯಿತು. ಸಂದು ಕಂಡ ಕೂಡಲೇ ಬರೆದು ಮುಚ್ಚುವುದೇ ಪರಿಹಾರ ಎಂದು ಆ ಸಾಕ್ಷಿಯೇ ಹೇಳುತ್ತದೆ.

ಬರೆಯದ ನಿಯಮಕ್ಕೆ ಇನ್ನೊಂದು ದೋಷವಿದೆ. ಅದು ನೋಡುವವನ ಪಕ್ಷಕ್ಕೆ ತಕ್ಕಂತೆ ಬದಲಾಗುತ್ತದೆ. ಆರ್‌ಸಿಬಿಯ ಎರಡು ಐಪಿಎಲ್ ಪಂದ್ಯಗಳನ್ನು ನೆನಪಿಸಿಕೊಳ್ಳಿ. 2023ರ ಏಪ್ರಿಲ್ 10, ಚಿನ್ನಸ್ವಾಮಿ ಕ್ರೀಡಾಂಗಣ. ಲಖನೌಗೆ ಕೊನೆಯ ಚೆಂಡಿಗೆ ಒಂದು ರನ್ನು, ಉಳಿದಿದ್ದು ಒಂದೇ ವಿಕೆಟ್ಟು. ನಾನ್‌ಸ್ಟ್ರೈಕರ್ ರವಿ ಬಿಷ್ಣೋಯಿ ಗೆರೆಯಾಚೆ ಹೊರಟಿದ್ದನ್ನು ಕಂಡು ಹರ್ಷಲ್ ಪಟೇಲ್ ಬೇಲ್ಸ್ ಎಗರಿಸಲು ನೋಡಿದರು, ಕೈಗೆ ಸಿಗಲಿಲ್ಲ. ಮುಂದೆ ಸಾಗಿ ತಿರುಗಿ ಎಸೆದರು, ಅಂಪೈರ್ ಒಪ್ಪಲಿಲ್ಲ. ಮತ್ತೆ ಹಾಕಿದ ಚೆಂಡಿಗೆ ಬೈ ಓಡಿ ಲಖನೌ ಒಂದು ವಿಕೆಟ್‌ನಿಂದ ಗೆದ್ದಿತು. ಆ ರಾತ್ರಿ ನಮ್ಮ ಊರುಗಳಲ್ಲಿ ಟಿವಿ ಮುಂದೆ ಕೂತವರಲ್ಲಿ ಹರ್ಷಲ್ ಪ್ರಯತ್ನವನ್ನು ತಪ್ಪೆಂದವರು ಕಡಿಮೆಯೇ ಇದ್ದಿರಬೇಕು. 2025ರ ಮೇ 27ರಂದು ಲಖನೌನಲ್ಲಿ ಪಾತ್ರಗಳು ಅದಲು ಬದಲಾದವು. ಆರ್‌ಸಿಬಿಯ ಜಿತೇಶ್ ಶರ್ಮಾರನ್ನು ದಿಗ್ವೇಶ್ ರಾಠಿ ನಾನ್‌ಸ್ಟ್ರೈಕರ್ ತುದಿಯಲ್ಲಿ ರನೌಟ್ ಮಾಡಲು ಬೇಲ್ಸ್ ಎಗರಿಸಿದರು. ಬೌಲಿಂಗ್ ಹೆಜ್ಜೆ ಮುಗಿದು ಹೋಗಿದ್ದರಿಂದ ಮೂರನೇ ಅಂಪೈರ್ ನಾಟೌಟ್ ಎಂದರು, ನಾಯಕ ರಿಷಭ್ ಪಂತ್ ಮನವಿಯನ್ನೂ ಹಿಂತೆಗೆದುಕೊಂಡರು. ಜಿತೇಶ್ 33 ಎಸೆತಗಳಲ್ಲಿ ಅಜೇಯ 85 ಹೊಡೆದರು, ವಾರದೊಳಗೆ ಕಪ್ಪು ಆರ್‌ಸಿಬಿಯ ಕೈಸೇರಿತು. ಪಂತ್ ಅವರನ್ನು ಅಂದು ಹೊಗಳಿದ್ದು ಸರಿ. ರಾಠಿಯನ್ನು ಬೈದವರು ಮಾತ್ರ 2023ರಲ್ಲಿ ಹರ್ಷಲ್ ಬಗ್ಗೆ ತಾವು ಏನು ಹೇಳಿದ್ದೆವು ಎಂದು ನೆನಪಿಸಿಕೊಳ್ಳಬೇಕು. ಚೆಂಡು ನಮ್ಮವರ ಕೈಯಲ್ಲಿದ್ದಾಗ ನಿಯಮ, ಬ್ಯಾಟು ನಮ್ಮವರ ಕೈಯಲ್ಲಿದ್ದಾಗ ಸ್ಫೂರ್ತಿ ಎಂದರೆ ಅದು ತತ್ವವಾಗುವುದಿಲ್ಲ. ಬರೆದ ನಿಯಮಕ್ಕಾದರೂ ಹರ್ಷಲ್ ಯಾರು, ರಾಠಿ ಯಾರು ಎಂದು ಗೊತ್ತಿರಲಿಲ್ಲ. ಇಬ್ಬರಿಗೂ ಅದು ಒಂದೇ ಉತ್ತರ ಕೊಟ್ಟಿತು: ತಡವಾಯಿತು, ಔಟಿಲ್ಲ.

ನಮ್ಮ ಮೂರು ತಾಲೂಕುಗಳ ಪಂದ್ಯಾವಳಿಗಳಲ್ಲಿ ಈ ವಿಷಯಕ್ಕೆ ಜಗಳವಾಗಲು ದೊಡ್ಡ ಕಾರಣ ಬೇಕಾಗಿಲ್ಲ. ಕೊನೆಯ ಓವರು, ಬಹುಮಾನದ ದುಡ್ಡು, ಜೊತೆಗೆ ಸುಣ್ಣದಲ್ಲಿ ಎಳೆದ ಗೆರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಅಳಿಸಿರುತ್ತದೆ. ಅಲ್ಲೊಬ್ಬ ಹುಡುಗ ಟಿವಿಯಲ್ಲಿ ನೋಡಿದ್ದನ್ನು ನೆನೆದು ಬೇಲ್ಸ್ ಎಗರಿಸಿದರೆ, ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಭಾರ ಸ್ಥಳೀಯ ಅಂಪೈರಿನ ತಲೆಯ ಮೇಲೆ ಬೀಳುತ್ತದೆ. ಹುಡುಗನ ಮೇಲೆ ಹೀನಾಯದ ಮಾತು ಬೀಳುತ್ತದೆ. ಸಂಘಟಕರಲ್ಲಿ ಒಂದು ಕೋರಿಕೆ. ಈ ಸಲದ ಕರಪತ್ರದಲ್ಲಿ ಓವರಿನ ಲೆಕ್ಕದ ಕೆಳಗೆ ಒಂದು ಸಾಲು ಹೆಚ್ಚು ಹಾಕಿಸಿ: ಬೌಲರ್ ಚೆಂಡು ಬಿಡುವ ಮುಂಚೆ ನಾನ್‌ಸ್ಟ್ರೈಕರ್ ಗೆರೆ ಬಿಟ್ಟರೆ ರನೌಟ್ ಮಾಡಬಹುದು, ಎಚ್ಚರಿಕೆ ಕೊಡಬೇಕಾಗಿಲ್ಲ. ಟಾಸಿನ ಹೊತ್ತಿಗೆ ಇಬ್ಬರು ನಾಯಕರಿಗೂ ಅದನ್ನು ಓದಿ ಹೇಳಿ, ಅಳಿಸಿದ ಗೆರೆಗೆ ಇನ್ನೊಮ್ಮೆ ಸುಣ್ಣ ಹಾಕಿಸಿ.